ಆಫೀಸು, ವರ್ಕ್‌ಶಾಪಿನ ಕರೆಂಟ್ ಉಪಕರಣ: ಜುಮ್ ಅಂದರೆ, ಬಿಸಿಯಾದರೆ, ಟ್ರಿಪ್ ಆದರೆ ಏನು ನೋಡಬೇಕು?

ಪ್ಲಗ್ ಹಾಕಿ ಬಳಸುವ ಸಾಮಾನುಗಳ ಬಗ್ಗೆ ಈ ಬರಹ. ಕೆಟಲ್, ಕಂಪ್ಯೂಟರ್, ಪ್ರಿಂಟರ್, ಡ್ರಿಲ್ ಮೆಷಿನ್, ಗ್ರೈಂಡರ್, ಟೇಬಲ್ ಫ್ಯಾನ್, ಎಲ್ಲಕ್ಕಿಂತ ಮುಖ್ಯವಾಗಿ ಎಕ್ಸ್‌ಟೆನ್ಶನ್ ಬೋರ್ಡ್. ಗೋಡೆಯೊಳಗಿನ ವೈರಿಂಗ್ ಇದರಲ್ಲಿ ಇಲ್ಲ. ಅದರ ಮೇಲೆ ಅನುಮಾನ ಬಂದರೆ ಎಲೆಕ್ಟ್ರಿಷಿಯನ್‌ನ ಕರೆಯಿರಿ ಎಂದಷ್ಟೇ ಹೇಳುತ್ತೇನೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಮೆಷಿನ್ ಓಡುತ್ತಿದೆ ಎಂದರೆ ಅದು ಸುರಕ್ಷಿತ ಎಂದಲ್ಲ. ಮೆಷಿನ್ ಓಡಲು ಕರೆಂಟ್ ತರುವ ಲೈನ್ ಮತ್ತು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ಎರಡೇ ಸಾಕು. ಮೆಷಿನ್ನಿನ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರ್ ತುಂಡಾಗಿದ್ದರೂ ಕೆಟಲ್ ನೀರು ಕಾಯಿಸುತ್ತದೆ, ಡ್ರಿಲ್ ತೂತು ಕೊರೆಯುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಕಿತ್ತ ಪ್ಲಗ್ ನಿಮ್ಮ ಕಣ್ಣೆದುರೇ ಇರಲಿ. ನೀವು ಮೆಷಿನ್ ಬಿಚ್ಚಿ ಕೂತಾಗ ಬೇರೆಯವರು ಬಂದು "ಇದ್ಯಾಕೆ ಆಫ್ ಆಗಿದೆ" ಎಂದು ಹಾಕಿಬಿಡುವುದು ನಡೆಯುವಂಥದ್ದೇ.

ನಿಯಾನ್ ಟೆಸ್ಟರ್ ಉರಿಯಲಿಲ್ಲ ಎಂದರೆ ಕರೆಂಟ್ ಇಲ್ಲ ಎಂದು ನಂಬಬೇಡಿ. ಬಲ್ಬ್ ಕೆಟ್ಟಿರಬಹುದು. ಬೆಳಕು ಜಾಸ್ತಿ ಇದ್ದು ಕಾಣಿಸದೇ ಹೋಗಿರಬಹುದು. ನೀವು ಒಣಗಿದ ಮರದ ಮೇಲೆ ನಿಂತಿದ್ದರೂ ಅದು ಸರಿಯಾಗಿ ಉರಿಯುವುದಿಲ್ಲ. ಮೀಟರ್ ಬಳಸುವುದಾದರೆ ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ನೋಡಿ. ಆಮೇಲೆ ಅನುಮಾನದ ಜಾಗದಲ್ಲಿ ನೋಡಿ. ಕೊನೆಗೆ ಮತ್ತೆ ಮೊದಲಿನ ಸಾಕೆಟ್‌ನಲ್ಲೇ ನೋಡಿ. ಮೀಟರೇ ಕೈಕೊಟ್ಟಿದೆಯಾ ಎನ್ನುವುದು ಆಗ ಗೊತ್ತಾಗುತ್ತದೆ.

ಮೈಕ್ರೋವೇವ್ ಓವನ್ನಿನ ಹೊದಿಕೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ಯಾರಿಗಾದರೂ ಶಾಕ್ ಹೊಡೆದು ಕೈ ಕಚ್ಚಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ. ಉಪಕರಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಕರೆಂಟ್ ಕಡಿದು, ಕಾರ್ಬನ್ ಡೈಆಕ್ಸೈಡ್ ಅಥವಾ ಡ್ರೈ ಪೌಡರ್ ಸಿಲಿಂಡರ್ ಬಳಸಿ. ಬೆಂಕಿ ದೊಡ್ಡದಿದ್ದರೆ ಹೊರಗೆ ಓಡಿ.

ಲಕ್ಷಣ: ಮುಟ್ಟಿದರೆ ಜುಮ್ ಅನ್ನುತ್ತದೆ

"ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ" ಎಂದು ಜನ ತಿಂಗಳುಗಟ್ಟಲೆ ಬಳಸುತ್ತಾರೆ. ಅರ್ಧ ಮಿಲಿ ಆಂಪಿಯರ್ ಮೈಯಲ್ಲಿ ಹರಿದರೂ ನಮಗೆ ಗೊತ್ತಾಗುತ್ತದೆ. 10 ಮಿಲಿ ಆಂಪಿಯರ್ ಆಸುಪಾಸಿನಲ್ಲಿ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯಕ್ಕೇ ಅಪಾಯ. ಇವತ್ತು ಒಣಗಿದ ಕೈ, ರಬ್ಬರ್ ಚಪ್ಪಲಿ ಇದ್ದಾಗ ಜುಮ್ ಅಂದದ್ದು, ನಾಳೆ ಒದ್ದೆ ಕೈ, ಬರಿಗಾಲು ಇದ್ದಾಗ ಬೇರೆಯೇ ಕಥೆ. ಹಾಗಾಗಿ ಖಾತ್ರಿ ಮಾಡಿಕೊಳ್ಳಲು ಮತ್ತೊಮ್ಮೆ ಮುಟ್ಟಿ ನೋಡಬೇಡಿ. ಸಾಕೆಟ್‌ನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ.

ಮೊದಲು ಪ್ಲಗ್ ನೋಡಿ. ಅರ್ಥ್ ಪಿನ್ ಇದೆಯಾ? ಸಾಕೆಟ್‌ಗೆ ಕೂರಲಿಲ್ಲ ಎಂದು ಯಾರೋ ಮುರಿದಿರುತ್ತಾರೆ. ಇಲ್ಲವೇ ಮೂರು ಪಿನ್ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿರುತ್ತಾರೆ. ಎರಡೂ ಒಂದೇ, ಅರ್ಥ್ ಹೋಯಿತು. ಇದನ್ನು ನೋಡಲು ಅರ್ಧ ನಿಮಿಷ ಸಾಕು, ಖರ್ಚೂ ಇಲ್ಲ.

ಪ್ಲಗ್ ಸರಿಯಿದ್ದರೆ, ಎಲ್ಲೆಲ್ಲಿ ಹೀಗಾಗುತ್ತದೆ ಎಂದು ಬಳಸುವವರನ್ನೇ ಕೇಳಿ. ಒಂದೇ ಸಾಕೆಟ್‌ನಲ್ಲಿ ಯಾವ ಮೆಷಿನ್ ಹಾಕಿದರೂ ಜುಮ್ ಅನ್ನುತ್ತಿದ್ದರೆ ಆ ಸಾಕೆಟ್‌ಗೆ ಅರ್ಥಿಂಗ್ ಇಲ್ಲ. ಅದನ್ನು ಮುಚ್ಚಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ. ಒಂದೇ ಮೆಷಿನ್ ಎಲ್ಲಿ ಹಾಕಿದರೂ ಹೀಗೇ ಎಂದರೆ ತೊಂದರೆ ಮೆಷಿನ್ನಿನದು.

ಮುಂದಿನ ಪ್ರಶ್ನೆ, ಅದು ಯಾವ ಜಾತಿಯ ಮೆಷಿನ್? ರೇಟಿಂಗ್ ಪ್ಲೇಟ್ ನೋಡಿ. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಶನ್ (ಕರೆಂಟ್ ಹೊರಬರದಂತೆ ಎರಡು ಪದರದ ತಡೆ), ಅಂದರೆ ಕ್ಲಾಸ್ 2. ಅದಕ್ಕೆ ಅರ್ಥ್ ಬೇಕಿಲ್ಲ. ಆ ಗುರುತಿಲ್ಲದೆ, ಲೋಹದ ಮೈ ಮತ್ತು ಮೂರು ಪಿನ್ ಪ್ಲಗ್ ಇದ್ದರೆ ಸಾಮಾನ್ಯವಾಗಿ ಕ್ಲಾಸ್ 1. ಅದರ ಸುರಕ್ಷತೆ ಅರ್ಥ್ ವೈರಿನ ಮೇಲೇ ನಿಂತಿದೆ. ಕ್ಲಾಸ್ 1 ಮೆಷಿನ್ ಜುಮ್ ಅಂದರೆ ಅರ್ಥ್ ದಾರಿ ಎಲ್ಲೋ ಕಡಿದಿದೆ ಎಂದೇ ಲೆಕ್ಕ. ಕ್ಲಾಸ್ 2 ಡ್ರಿಲ್ ಜುಮ್ ಅಂದರೆ ಒಳಗೆ ನೀರು ಹೋಗಿದೆ, ಇಲ್ಲವೇ ಮೋಟಾರಿಗೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್‌ನ ಪುಡಿ ತುಂಬಿದೆ, ಇಲ್ಲವೇ ಬಾಡಿ ಬಿರುಕು ಬಿಟ್ಟಿದೆ.

ಲ್ಯಾಪ್‌ಟಾಪ್ ವಿಷಯ ಸ್ವಲ್ಪ ಬೇರೆ. ಚಾರ್ಜಿಂಗ್‌ಗೆ ಹಾಕಿದಾಗ ಲೋಹದ ಮೈ ಮೇಲೆ ಬೆರಳು ಸವರಿದರೆ ಸಣ್ಣಗೆ ನಡುಗಿದ ಹಾಗೆ ಆಗುತ್ತದೆ, ಅಲ್ವಾ? ಎರಡು ಪಿನ್ ಅಡಾಪ್ಟರ್‌ನಲ್ಲಿ ರೇಡಿಯೋ ಗದ್ದಲ ತಡೆಯಲು ಹಾಕಿದ ಕೆಪಾಸಿಟರ್ ಮೂಲಕ ಒಂಚೂರು ಕರೆಂಟ್ ಹಾಯುತ್ತದೆ. ಮಲ್ಟಿಮೀಟರ್ ಹಿಡಿದರೆ 90, 100 ವೋಲ್ಟ್ ಕೂಡ ತೋರಿಸುತ್ತದೆ. ಗಾಬರಿ ಬೇಡ. ಅಲ್ಲಿ ವೋಲ್ಟ್ ಎಷ್ಟು ಎನ್ನುವುದಕ್ಕಿಂತ, ಮುಟ್ಟಿದಾಗ ಎಷ್ಟು ಕರೆಂಟ್ ಹರಿಯುತ್ತದೆ ಎನ್ನುವುದು ಮುಖ್ಯ. ಸೋರುವ ಕರೆಂಟ್ ಅಳೆಯುವ ಲೀಕೇಜ್ ಟೆಸ್ಟ್‌ನಲ್ಲಿ 0.25 ಮಿಲಿ ಆಂಪಿಯರ್ ಒಳಗೆ ಬಂದರೆ ಸರಿ. ಆದರೆ ಯಾವ ಕಂಪನಿಯದೋ ಗೊತ್ತಿಲ್ಲದ ಅಡಾಪ್ಟರ್ ಆಗಿದ್ದರೆ ಟೆಸ್ಟ್ ಆಗುವ ತನಕ ಬಳಸಬೇಡಿ. ಡೆಸ್ಕ್‌ಟಾಪ್ ಕಂಪ್ಯೂಟರ್ ಜುಮ್ ಅಂದರೆ ಮಾತ್ರ ಈ ಸಮಾಧಾನ ಇಲ್ಲ. ಅದಕ್ಕೆ ಅರ್ಥ್ ಸಿಕ್ಕಿಲ್ಲ ಎಂದೇ ಅರ್ಥ.

ಶಾಕ್ ಜೋರಾಗಿ ಹೊಡೆದಿದ್ದರೆ ಈ ಹುಡುಕಾಟ ನಿಮಗೆ ಬೇಡ. ಮೆಷಿನ್‌ಗೆ "ಬಳಸಬೇಡಿ" ಚೀಟಿ ಕಟ್ಟಿ, ರಿಪೇರಿಯವರಿಗೆ ಕೊಡಿ. ಶಾಕ್ ಹೊಡೆಸಿಕೊಂಡವರನ್ನು ಡಾಕ್ಟರ ಹತ್ತಿರ ಕಳಿಸಿ.

ಲಕ್ಷಣ: ಪ್ಲಗ್ ಬಿಸಿ, ಕಂದು ಕಲೆ, ಸುಟ್ಟ ವಾಸನೆ

"ಎಂಸಿಬಿ ಬಿದ್ದಿಲ್ಲವಲ್ಲ, ಏನೂ ಆಗಲ್ಲ ಬಿಡಿ." ಈ ಮಾತು ಕೇಳಿದಾಗೆಲ್ಲ ನನಗೆ ಕಿರಿಕಿರಿ. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನಾಗಿ ಬೀಳುವ, ಅಂದರೆ ಆಫ್ ಆಗುವ ಸ್ವಿಚ್. ಲೂಸ್ ಕನೆಕ್ಷನ್‌ನಲ್ಲಿ ಕರೆಂಟ್ ಜಾಸ್ತಿ ಆಗುವುದೇ ಇಲ್ಲ. 2000 ವ್ಯಾಟ್ ಕೆಟಲ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಪ್ಲಗ್‌ನ ಸ್ಕ್ರೂ ಸಡಿಲವಾಗಿ ಅಲ್ಲಿ ಬರೀ ಅರ್ಧ ಓಮ್ ತಡೆ ಹುಟ್ಟಿದರೂ ಆ ಒಂದು ಬಿಂದುವಿನಲ್ಲಿ ಸುಮಾರು 38 ವ್ಯಾಟ್ ಶಾಖ ಏಳುತ್ತದೆ. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು ಎಂದರೆ ಅಂದಾಜು ಸಿಗಬಹುದು. ಪ್ಲಾಸ್ಟಿಕ್ ಕರಗುತ್ತಿದ್ದರೂ ಎಂಸಿಬಿಗೂ ಗೊತ್ತಿಲ್ಲ, ಅರ್ಥ್‌ಗೆ ಸೋರಿಕೆ ಕಂಡರೆ ಬೀಳುವ ಆರ್‌ಸಿಸಿಬಿಗೂ ಗೊತ್ತಿಲ್ಲ. ಇಲ್ಲಿ ಮೂಗು ಮತ್ತು ಕಣ್ಣೇ ರಕ್ಷಣೆ.

ವಾಸನೆ ಬಂದರೆ ಮೊದಲು ಸಾಕೆಟ್‌ನ ಸ್ವಿಚ್ ಆಫ್ ಮಾಡಿ. ಸ್ವಿಚ್ಚೇ ಸುಟ್ಟಂತಿದ್ದರೆ ಅದನ್ನೂ ಮುಟ್ಟದೆ ಮೇನ್ ಆಫ್ ಮಾಡಿ. ಪ್ಲಗ್ ಆರಿದ ಮೇಲೆ ಹೊರಗೆ ತೆಗೆದು ನೋಡಿ.

ಒಂದೇ ಪಿನ್ ಕಪ್ಪಾಗಿದ್ದರೆ ಆ ಪಿನ್ನಿನಲ್ಲಿ, ಇಲ್ಲವೇ ಅದು ಕೂರುವ ಸಾಕೆಟ್‌ನ ಕಡೆ ಹಿಡಿತ ಸಡಿಲ. ಪ್ಲಗ್ ಸಾಕೆಟ್‌ನಲ್ಲಿ ಲೊಡ ಲೊಡ ಅಲುಗಾಡಿದರೆ ಸಾಕೆಟ್ ಬದಲಿಸಿ. ಹಳೆಯ ಸಾಕೆಟ್‌ಗೆ ಹೊಸ ಪ್ಲಗ್ ಹಾಕಿದರೆ ಹೊಸ ಪ್ಲಗ್ಗೂ ಸುಡುತ್ತದೆ. ಸುಟ್ಟ ಪ್ಲಗ್ ಒಳ್ಳೆಯ ಸಾಕೆಟ್ಟನ್ನು ಹಾಳು ಮಾಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಬದಲಿಸುವುದು ಒಳ್ಳೆಯದು.

ಬಿಚ್ಚಬಹುದಾದ ಪ್ಲಗ್ ಆಗಿದ್ದರೆ ಒಳಗೆ ನೋಡಿ. ವೈರಿನ ತುದಿಗೆ ಬೆಸುಗೆಯ ಸೀಸ (ಸೋಲ್ಡರ್) ಹಾಕಿ ಸ್ಕ್ರೂ ಕೆಳಗೆ ಕೂರಿಸಿದ್ದಾರಾ? ನೋಡಲು ಅಚ್ಚುಕಟ್ಟು, ಆದರೆ ಒತ್ತಡಕ್ಕೆ ಸೀಸ ನಿಧಾನವಾಗಿ ಹರಡಿಕೊಂಡು ಸ್ಕ್ರೂ ಸಡಿಲಾಗುತ್ತದೆ. ಆ ತುದಿ ಕತ್ತರಿಸಿ, ತಾಮ್ರದ ಎಳೆಗಳನ್ನು ಹಾಗೇ ಹೊಸೆದು ಬಿಗಿಯಿರಿ. ಕೇಬಲ್ಲಿನ ಹೊರಗಿನ ಸಿಪ್ಪೆ ಕ್ಲ್ಯಾಂಪ್‌ನೊಳಗೆ ಹಿಡಿದಿರಬೇಕು. ಒಳಗಿನ ಬಣ್ಣದ ವೈರುಗಳು ಪ್ಲಗ್ ಹೊರಗೆ ಕಾಣಬಾರದು. ಹಸಿರು-ಹಳದಿ ಅರ್ಥ್ ವೈರ್ ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಇರಲಿ. ಯಾರಾದರೂ ಜಗ್ಗಿದರೆ ಅದು ಕೊನೆಗೆ ಕೀಳಬೇಕು.

ಎಲ್ಲ ಬಿಗಿಯಾಗಿದ್ದೂ ಬಿಸಿಯಾದರೆ ಲೋಡ್ ಲೆಕ್ಕ ಹಾಕಿ. 6 ಆಂಪಿಯರ್ ಎಂದು ಬರೆದ ಬೋರ್ಡು 230 ವೋಲ್ಟ್‌ನಲ್ಲಿ ಹೊರುವುದು 1380 ವ್ಯಾಟ್. ಅದಕ್ಕೆ ಹೀಟರ್, ಕೆಟಲ್ ಎರಡೂ ಸಿಕ್ಕಿಸಿದರೆ ಬಿಸಿಯಾಗದೆ ಇನ್ನೇನು? ಒಂದು ಎಕ್ಸ್‌ಟೆನ್ಶನ್‌ಗೆ ಇನ್ನೊಂದು ಎಕ್ಸ್‌ಟೆನ್ಶನ್ ಹಾಕಿದ್ದರೆ ಈಗಲೇ ತೆಗೆಯಿರಿ. ಡ್ರಮ್‌ಗೆ ಸುತ್ತಿದ ಉದ್ದ ಕೇಬಲ್ ಆಗಿದ್ದರೆ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ್ದಾಗ ಒಳಗಿನ ಸುತ್ತುಗಳ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಕೇಬಲ್ ಒಳಗಿಂದೊಳಗೇ ಅಂಟಿಕೊಂಡು ಕರಗುತ್ತದೆ.

ಲಕ್ಷಣ: ಆರ್‌ಸಿಸಿಬಿ ಬೀಳುತ್ತದೆ

ಆರ್‌ಸಿಸಿಬಿ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತಾಳೆ ನೋಡುತ್ತದೆ. ವ್ಯತ್ಯಾಸ ಬಂದರೆ ಎಲ್ಲೋ ಅರ್ಥ್‌ಗೆ ಸೋರುತ್ತಿದೆ ಎಂದು ಬೀಳುತ್ತದೆ. ಜನರ ರಕ್ಷಣೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು.

ಆ ಲೈನಿನ ಎಲ್ಲ ಪ್ಲಗ್ ಕಿತ್ತುಬಿಡಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಯಾಕೆಂದರೆ ಹೆಚ್ಚಿನ ಸ್ವಿಚ್‌ಗಳು ಲೈನನ್ನು ಮಾತ್ರ ಕಡಿಯುತ್ತವೆ. ನ್ಯೂಟ್ರಲ್ ಅರ್ಥ್‌ಗೆ ತಾಗಿದ್ದರೆ ಸ್ವಿಚ್ ಆಫ್ ಇದ್ದರೂ ಆರ್‌ಸಿಸಿಬಿ ಬೀಳಬಹುದು. ಎಲ್ಲ ಕಿತ್ತ ಮೇಲೂ ಎತ್ತಿದರೆ ನಿಲ್ಲುವುದಿಲ್ಲ ಎಂದಾದರೆ ದೋಷ ಗೋಡೆಯೊಳಗೆ, ಅಥವಾ ಆರ್‌ಸಿಸಿಬಿಯಲ್ಲೇ ಇದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಎಲೆಕ್ಟ್ರಿಷಿಯನ್ ಬರಲಿ. ನಿಂತಿತು ಎಂದಾದರೆ ಒಂದೊಂದೇ ಹಾಕುತ್ತಾ ಬನ್ನಿ. ಯಾವಾಗ ಬಿತ್ತು ಎನ್ನುವುದನ್ನು ಗಮನಿಸಿ.

ಮೆಷಿನ್ನಿನ ಸ್ವಿಚ್ ಆಫ್ ಇದ್ದು, ಪ್ಲಗ್ ಹಾಕಿದ ತಕ್ಷಣ ಬಿದ್ದರೆ ಕೇಬಲ್, ಪ್ಲಗ್, ಅಥವಾ ನ್ಯೂಟ್ರಲ್ ಕಡೆ ದೋಷ. ಸ್ವಿಚ್ ಹಾಕಿದಾಗ ಬಿದ್ದರೆ ಎಲಿಮೆಂಟ್ (ಬಿಸಿ ಮಾಡುವ ಭಾಗ) ಅಥವಾ ಮೋಟಾರ್. ಹಾಕಿ ಕೆಲವು ನಿಮಿಷದ ನಂತರ, ಕಾದ ಮೇಲೆ ಬಿದ್ದರೆ ಎಲಿಮೆಂಟ್ ಬಿರುಕು ಬಿಟ್ಟಿರಬಹುದು. ಬಹಳ ದಿನ ಮೂಲೆಯಲ್ಲಿಟ್ಟ ಹೀಟರ್ ಮೊದಲ ಸಲ ಹಾಕಿದಾಗ ಬೀಳಿಸಿದರೆ ಎಲಿಮೆಂಟ್ ತೇವ ಹೀರಿದೆ. ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿಗೆ ತೇವ ಎಳೆಯುವ ಗುಣವಿದೆ. ಆರ್‌ಸಿಸಿಬಿ ತಪ್ಪಿಸಿ ಬೇರೆ ಲೈನಿಗೆ ಹಾಕಿ "ಒಣಗಿಸುವ" ಸಾಹಸ ಬೇಡ. ರಿಪೇರಿಯವರು ಒಣಗಿಸಿ ಮತ್ತೆ ಟೆಸ್ಟ್ ಮಾಡಲಿ.

ಬೆಳಗ್ಗೆ ಎಲ್ಲರೂ ಬಂದು ಕಂಪ್ಯೂಟರ್ ಆನ್ ಮಾಡಿದಾಗ ಮಾತ್ರ ಬೀಳುತ್ತದಾ? ಹಾಗಾದರೆ ಯಾವ ಮೆಷಿನ್ನೂ ಕೆಟ್ಟಿಲ್ಲದಿರಬಹುದು. ಒಂದೊಂದು ಕಂಪ್ಯೂಟರ್‌ನಿಂದ 1 ಮಿಲಿ ಆಂಪಿಯರ್ ಆಸುಪಾಸು ಅರ್ಥ್‌ಗೆ ಹೋಗುವುದು ಮಾಮೂಲು. 30 ಎಂದು ಬರೆದಿದ್ದರೂ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಲು ಅದಕ್ಕೆ ಅನುಮತಿ ಇದೆ. ಒಂದೇ ಆರ್‌ಸಿಸಿಬಿ ಕೆಳಗೆ 15 ಕಂಪ್ಯೂಟರ್ ಇದ್ದರೆ ಲೆಕ್ಕ ನೀವೇ ಹಾಕಿ. ಇದಕ್ಕೆ ಮದ್ದು ಲೈನುಗಳನ್ನು ಹಂಚುವುದು. 100 ಮಿಲಿ ಆಂಪಿಯರ್‌ನದು ಹಾಕಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದು ಬೆಂಕಿ ತಡೆಯಲು ಸರಿ, ಮನುಷ್ಯರನ್ನು ಉಳಿಸಲು ಅಲ್ಲ.

ಇನ್ನೊಂದು ಮಾತು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಬಿತ್ತು ಎಂದರೆ ಅದರ ಯಂತ್ರ ಸರಿಯಿದೆ, ಅಷ್ಟೇ. ಕಟ್ಟಡಕ್ಕೆ ಅರ್ಥಿಂಗೇ ಇಲ್ಲದಿದ್ದರೂ ಆ ಬಟನ್ ಕೆಲಸ ಮಾಡುತ್ತದೆ.

ಲಕ್ಷಣ: ಎಂಸಿಬಿ ಬೀಳುತ್ತದೆ, ಫ್ಯೂಸ್ ಹೋಗುತ್ತದೆ

ಹಾಕಿದ ಕ್ಷಣದಲ್ಲೇ ಬಿದ್ದರೆ ಶಾರ್ಟ್. ಹತ್ತಿಪ್ಪತ್ತು ನಿಮಿಷ ಬಿಟ್ಟು ಬಿದ್ದರೆ ಓವರ್‌ಲೋಡ್. ಶಾರ್ಟ್ ಇರುವ ಮೆಷಿನ್ನನ್ನು "ಇನ್ನೊಂದು ಸಲ ನೋಡೋಣ" ಎಂದು ಹಾಕಬೇಡಿ. ದೊಡ್ಡ ಗ್ರೈಂಡರ್ ಶುರುವಾಗುವಾಗ ಮಾತ್ರ ಬಿದ್ದು, ಉಳಿದಂತೆ ಸರಿಯಿದ್ದರೆ ಮೋಟಾರ್ ಎಳೆಯುವ ಆರಂಭದ ಕರೆಂಟ್ ಕಾರಣ ಇರಬಹುದು. ಯಾವ ಎಂಸಿಬಿ ಬೇಕು ಎಂದು ಎಲೆಕ್ಟ್ರಿಷಿಯನ್ ಹೇಳಲಿ. ನೀವೇ ಜಾಸ್ತಿ ಆಂಪಿಯರ್‌ನದು ತಂದು ಹಾಕಬೇಡಿ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ದೊಡ್ಡದು ಹಾಕಿದರೆ ಎಂಸಿಬಿ ನಿಲ್ಲುತ್ತದೆ, ವೈರ್ ಸುಡುತ್ತದೆ.

ಲಕ್ಷಣ: ವೈರ್ ಅಲುಗಿಸಿದರೆ ಬರುತ್ತದೆ, ಹೋಗುತ್ತದೆ

ಕೇಬಲ್ ಮುರಿಯುವುದು ಎರಡು ಕಡೆ ಜಾಸ್ತಿ. ಪ್ಲಗ್‌ನ ಕುತ್ತಿಗೆ, ಮೆಷಿನ್ನಿಗೆ ಒಳಹೋಗುವ ಜಾಗ. ಪ್ಲಗ್ ಕಿತ್ತು, ಕೇಬಲ್ಲನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರಿ. ಮೆತ್ತಗೆ ಹಳ್ಳವಾದ ಜಾಗ, ಗಟ್ಟಿಯಾದ ಜಾಗ, ಸೀಳು ಎಲ್ಲ ಕೈಗೆ ಸಿಗುತ್ತದೆ.

ಲೈನ್ ಕಡಿದರೆ ಮೆಷಿನ್ ನಿಲ್ಲುತ್ತದೆ. ನ್ಯೂಟ್ರಲ್ ಕಡಿದರೂ ನಿಲ್ಲುತ್ತದೆ, ಆದರೆ ಒಳಗೆ ಲೈನ್ ಹಾಗೇ ಇರುತ್ತದೆ. "ಸತ್ತ" ಮೆಷಿನ್ ಬಿಚ್ಚಿದಾಗ ಶಾಕ್ ಹೊಡೆಯುವುದು ಹೀಗೆ. ಅರ್ಥ್ ಕಡಿದರೆ ಮೆಷಿನ್ ಓಡುತ್ತಲೇ ಇರುತ್ತದೆ. ಮೂರೂ ಒಂದೇ ಕೇಬಲ್ಲಿನಲ್ಲಿ ಒಂದೇ ಜಾಗದಲ್ಲಿ ಬಾಗುತ್ತಿರುತ್ತವೆ. ಒಂದು ಮುರಿದಿದೆ ಎಂದರೆ ಉಳಿದವಕ್ಕೂ ಏಟು ಬಿದ್ದಿದೆ ಎಂದುಕೊಳ್ಳಿ.

ಟೇಪ್ ಸುತ್ತುವುದು ರಿಪೇರಿ ಅಲ್ಲ. ಹಾಳಾದ ಭಾಗ ಕತ್ತರಿಸಿ ಕೇಬಲ್ ಗಿಡ್ಡ ಮಾಡಿ, ಇಲ್ಲವೇ ಹೊಸದು ಹಾಕಿಸಿ. ಕತ್ತರಿಸಿ ತೆಗೆದ ಅಚ್ಚಿನ (ಬಿಚ್ಚಲಾಗದ) ಪ್ಲಗ್ಗನ್ನು ಹಾಗೇ ಕಸಕ್ಕೆ ಎಸೆಯಬೇಡಿ. ಅದರಲ್ಲಿ ಒಂದಿಂಚು ವೈರ್ ನೇತಾಡುತ್ತಿರುತ್ತದೆ. ಯಾರಾದರೂ ಸಾಕೆಟ್‌ಗೆ ಸಿಕ್ಕಿಸಿದರೆ ಬರಿ ತಾಮ್ರಕ್ಕೆ ಕರೆಂಟ್ ಬರುತ್ತದೆ. ಪಿನ್ ಬಗ್ಗಿಸಿ ಎಸೆಯಿರಿ.

ಲಕ್ಷಣ: ಮೆಷಿನ್ ಚೆನ್ನಾಗಿದೆ, ಟೆಸ್ಟ್‌ನಲ್ಲಿ ಫೇಲ್

ಉಪಕರಣ ಪರೀಕ್ಷಿಸುವ ಯಂತ್ರ ಇರುವ ಕಡೆ ಈ ಜಗಳ ಮಾಮೂಲು. ಕ್ರಮ ಹೀಗಿದೆ: ಕಣ್ಣಲ್ಲಿ ನೋಡುವುದು, ಅರ್ಥ್ ಕಂಟಿನ್ಯೂಟಿ (ಅರ್ಥ್ ದಾರಿ ಕಡಿಯದೆ ಇದೆಯಾ), ಇನ್ಸುಲೇಶನ್ (ಕರೆಂಟ್ ತಡೆಯುವ ಹೊದಿಕೆ ಗಟ್ಟಿಯಿದೆಯಾ), ಕೊನೆಗೆ ಕರೆಂಟ್ ಕೊಟ್ಟು ಲೀಕೇಜ್. ಅರ್ಥ್ ಫೇಲ್ ಆದರೆ ಅಲ್ಲೇ ನಿಲ್ಲಿ. ಅರ್ಥ್ ಇಲ್ಲದ ಮೆಷಿನ್‌ಗೆ ಕರೆಂಟ್ ಕೊಡುವ ಪರೀಕ್ಷೆಗೆ ಹೋಗಬಾರದು.

ಅರ್ಥ್ ಫೇಲ್ ಬಂದರೆ ಮೊದಲು ಪ್ರೋಬ್ (ಟೆಸ್ಟ್ ಯಂತ್ರದ ಮುಳ್ಳು) ಎಲ್ಲಿ ಇಟ್ಟಿದ್ದೀರಿ ನೋಡಿ. ಪೇಂಟ್, ತುಕ್ಕು, ಅಂಟಿನ ಮೇಲೆ ಇಟ್ಟರೆ ರೀಡಿಂಗ್ ಸುಳ್ಳು ಹೇಳುತ್ತದೆ. ಬರಿ ಲೋಹದ ಸ್ಕ್ರೂ ಹುಡುಕಿ. ಆಮೇಲೆ ಕೇಬಲ್ ಉದ್ದ ನೋಡಿ. ಬ್ರಿಟನ್‌ನಲ್ಲಿ ರೂಢಿಯಲ್ಲಿರುವ ಮಿತಿ 0.1 ಓಮ್, ಅದಕ್ಕೆ ಕೇಬಲ್ಲಿನ ತಡೆಯನ್ನು ಕೂಡಿಸಬೇಕು. 0.75 ಚದರ ಮಿಲಿಮೀಟರ್ ತಾಮ್ರ ಮೀಟರಿಗೆ ಸುಮಾರು 0.026 ಓಮ್. 5 ಮೀಟರ್ ಕೇಬಲ್ಲೇ 0.13 ಆಯಿತು. ಆಗ 0.2 ಬಂದರೆ ಅದು ಫೇಲ್ ಅಲ್ಲ. ಜರ್ಮನಿಯಲ್ಲಿ 5 ಮೀಟರ್‌ವರೆಗಿನ ಕೇಬಲ್‌ಗೆ 0.3 ಓಮ್, ಆಸ್ಟ್ರೇಲಿಯಾದಲ್ಲಿ 1 ಓಮ್. ನಿಮ್ಮಲ್ಲಿ ಯಾವ ಮಿತಿ ಪಾಲಿಸುತ್ತೀರೋ ಅದನ್ನೇ ಹಿಡಿಯಿರಿ. ಅಳೆಯುವಾಗ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಗ್ಗಿಸಿ ನೋಡಿ. ಅಂಕಿ ಕುಣಿದರೆ ಒಳಗೆ ಎಳೆಗಳು ತುಂಡಾಗಿವೆ, ಮಿತಿಯೊಳಗೆ ಇದ್ದರೂ ಫೇಲ್ ಮಾಡಿ.

ಮಲ್ಟಿಮೀಟರ್‌ನ ಬೀಪ್ ಇದಕ್ಕೆ ಸಾಲದು. ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಇನ್ಸುಲೇಶನ್‌ಗಂತೂ ಅದು ಉಪಯೋಗವೇ ಇಲ್ಲ. ಕೆಲವೇ ವೋಲ್ಟಿನ ಬ್ಯಾಟರಿಗೆ ತಡೆದು ನಿಂತ ಇನ್ಸುಲೇಶನ್ 500 ವೋಲ್ಟ್‌ಗೆ ಸೋಲಬಹುದು.

ಇನ್ಸುಲೇಶನ್ 500 ವೋಲ್ಟ್ ಡಿಸಿಯಲ್ಲಿ ನೋಡುವುದು ವಾಡಿಕೆ. ಕ್ಲಾಸ್ 1ಕ್ಕೆ ಕನಿಷ್ಠ 1 ಮೆಗಾ ಓಮ್, ಕ್ಲಾಸ್ 2ಕ್ಕೆ 2 ಮೆಗಾ ಓಮ್ ಬರಬೇಕು. ಸರ್ಜ್ ಪ್ರೊಟೆಕ್ಷನ್ (ದಿಢೀರ್ ಏರುವ ವೋಲ್ಟ್ ತಡೆಯುವ ಭಾಗ) ಇರುವ ಎಕ್ಸ್‌ಟೆನ್ಶನ್ ಬೋರ್ಡು ಸುಮ್ನೆ ಫೇಲ್ ತೋರಿಸಬಹುದು, ಏಕೆಂದರೆ ಅದರೊಳಗಿನ ಸರ್ಜ್ ಬಿಡಿಭಾಗ 500 ವೋಲ್ಟ್ ಕಂಡರೆ ಬಾಗಿಲು ತೆರೆಯುತ್ತದೆ. ಅದನ್ನು 250 ವೋಲ್ಟ್‌ನಲ್ಲಿ ನೋಡಿ. ಡ್ರಿಲ್ ಫೇಲ್ ಆದರೆ ಬ್ರಷ್ ಪುಡಿ ಊದಿಸಿ ಮತ್ತೊಮ್ಮೆ ನೋಡಿಸಿ.

ಸುಳ್ಳು ಫೇಲ್‌ಗಿಂತ ಸುಳ್ಳು ಪಾಸ್ ಕೆಟ್ಟದ್ದು. ಮೆಷಿನ್ನಿನ ಸ್ವಿಚ್ ಆಫ್ ಇಟ್ಟು ಇನ್ಸುಲೇಶನ್ ನೋಡಿದರೆ ಲೈನ್ ಕಡೆಯ ಪರೀಕ್ಷೆ ಸ್ವಿಚ್ಚಿನವರೆಗೆ ಮಾತ್ರ ಆಗುತ್ತದೆ. ಸ್ವಿಚ್ ಆನ್ ಇರಬೇಕು. ಬಟನ್ ಒತ್ತಿದರೆ ಒಳಗೆ ರಿಲೇ (ಕರೆಂಟ್‌ನಿಂದ ಓಡುವ ಸ್ವಿಚ್) ಕೂರುವ ಹೊಸ ಮೆಷಿನ್‌ಗಳಲ್ಲಿ ಕರೆಂಟ್ ಇಲ್ಲದೆ ರಿಲೇ ಕೂರುವುದೇ ಇಲ್ಲ. ಅಂಥದ್ದಕ್ಕೆ ಕರೆಂಟ್ ಕೊಟ್ಟು ಲೀಕೇಜ್ ನೋಡದೆ ಪಾಸ್ ಮಾಡಬೇಡಿ. ಲೋಹದ ಮೈಯ, ಕೈಯಲ್ಲಿ ಹಿಡಿಯುವ ಕ್ಲಾಸ್ 1 ಸಾಮಾನಿಗೆ 0.75 ಮಿಲಿ ಆಂಪಿಯರ್, ಕ್ಲಾಸ್ 2ಕ್ಕೆ 0.25 ಎನ್ನುವುದು ಸಾಮಾನ್ಯ ಮಿತಿ.

ಲಕ್ಷಣವೇ ಇಲ್ಲ

ಅರ್ಥ್ ಕಡಿದ ಮೆಷಿನ್ ಸಿಗುವುದು ಇಲ್ಲಿಯೇ. ಹಾಗೆಂದು ಎಲ್ಲವನ್ನೂ ವರ್ಷಕ್ಕೊಮ್ಮೆ ಟೆಸ್ಟ್ ಮಾಡಿ ಸ್ಟಿಕ್ಕರ್ ಅಂಟಿಸುವುದೂ ದಂಡ. ಬ್ರಿಟನ್‌ನ 1989ರ ಕೆಲಸದ ಜಾಗದ ವಿದ್ಯುತ್ ನಿಯಮದಲ್ಲೂ ವರ್ಷಕ್ಕೊಮ್ಮೆ ಎಂದು ಬರೆದಿಲ್ಲ. ಉಪಕರಣ ಅಪಾಯಕಾರಿ ಆಗದಂತೆ ನೋಡಿಕೊಳ್ಳಿ ಎಂಬುದಷ್ಟೇ ಅದರ ಒತ್ತಾಯ. ಮೇಜಿನ ಮೇಲೆ ಕದಲದೆ ಕೂತ ಮಾನಿಟರ್‌ಗೆ ಅಪರೂಪಕ್ಕೆ ನೋಡಿದರೆ ಸಾಕು. ಎಳೆದಾಡುವ ಗ್ರೈಂಡರ್, ನೆಲ ಒರೆಸುವ ಮೆಷಿನ್, ಒದ್ದೆ ಜಾಗದ ಕೆಟಲ್, ಹತ್ತಾರು ಜನ ಬಳಸುವ ಎಕ್ಸ್‌ಟೆನ್ಶನ್ ಇವಕ್ಕೆ ಕೆಲವು ತಿಂಗಳಿಗೊಮ್ಮೆ ಟೆಸ್ಟ್ ಬೇಕು. ಬಳಸುವ ಮೊದಲು ಪ್ಲಗ್, ಕೇಬಲ್ ಒಮ್ಮೆ ನೋಡುವುದಂತೂ ಬಳಸುವವರದ್ದೇ ಕೆಲಸ. ಹೆಚ್ಚಿನ ದೋಷ ಹಾಗೇ ಕಣ್ಣಿಗೆ ಬೀಳುತ್ತದೆ.

ದಾಖಲೆ ಬರೆಯುವಾಗ ಬರೀ "ಪಾಸ್" ಎಂದು ಬರೆಯಬೇಡಿ, ಅಂಕಿ ಬರೆಯಿರಿ. ಒಂದು ಕೆಟಲ್‌ನ ಅರ್ಥ್ ರೀಡಿಂಗ್ 0.08, 0.09 ಎಂದು ಬಂದು, ಮುಂದಿನ ಸಲ 0.16 ಆದರೆ ನಿಮ್ಮ ಮಿತಿಯೊಳಗೇ ಇದ್ದರೂ ಕೇಬಲ್ ತಿರುವಿ ನೋಡಬೇಕು. ಫೇಲ್ ಆದದ್ದನ್ನು ಚೀಟಿ ಅಂಟಿಸಿ ಅದೇ ಮೇಜಿನ ಮೇಲೆ ಬಿಡಬೇಡಿ. ಬೀಗ ಹಾಕುವ ಕಪಾಟಿನಲ್ಲಿಡಿ. ರಿಪೇರಿಯಾಗಿ ಬಂದದ್ದನ್ನೂ ಮತ್ತೆ ಮೊದಲಿನಿಂದ ಟೆಸ್ಟ್ ಮಾಡಿಯೇ ಕೊಡಿ. ಬಿಚ್ಚಿ ಜೋಡಿಸುವಾಗ ಅರ್ಥ್ ವೈರ್ ಸಿಕ್ಕಿಸಲು ಮರೆತಿದ್ದರೂ ಮೆಷಿನ್ ಓಡುತ್ತಲೇ ಇರುತ್ತದೆ.